ಘಾಟು ಏಳದ ಇಪ್ಪತ್ತಮೂರು ಮೆಣಸು

ತಾರೀಕು ಹಾಕಿ, ಲೆಕ್ಕ ಬರೆದು ಮಾಡಿದ ಕೆಲಸ ಕೆಡಲು ಸಾಧ್ಯವೇ ಇಲ್ಲ ಎಂದು ನಾನು ನಂಬಿದ್ದ ಕಾಲವದು. ಜೆಪ್ಪಿನ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಹಂಗಾಮಿ ರೈಟರು. ಸುಟ್ಟ ಹಂಚೆಷ್ಟು, ಒಡೆದದ್ದೆಷ್ಟು ಎಂದು ಬರೆಯುವುದು ನನ್ನ ಕೆಲಸ. ನನ್ನ ಪುಸ್ತಕದಲ್ಲಿ ಒಂದು ಚಿತ್ತೂ ಇಲ್ಲದ್ದನ್ನು ಕಂಡು ಪರದೇಶದ ಮ್ಯಾನೇಜರ್ ದೊರೆ ಒಂದು ದಿನ ಕರೆಸಿದರು. ಹೋಗಿ ನಿಂತೆ.

ಮೇಜಿನ ಮೇಲೊಂದು ಲಕೋಟೆ. ಒಳಗೆ ಹತ್ತು ಬೀಜ.

"ನಮ್ಮ ಊರಿನ ಮೆಣಸು. ಖಾರ ಇಲ್ಲ, ಸಿಹಿ. ನನ್ನ ಮಾಲಿ ಎರಡು ಸಲ ಕೊಂದುಬಿಟ್ಟ. ನೀನು ಬೆಳೆಸು. ಹಣ್ಣು ಒಣಗಿಸಿ ಬೀಜ ತಂದು ಕೊಡು. ಸರಿಯಾಗಿ ಮಾಡಿದರೆ ನಿನ್ನನ್ನು ಖಾಯಂ ಮಾಡುವ ವಿಷಯ ನೋಡುತ್ತೇನೆ."

ಸರಿಯಾಗಿ ಮಾಡದಿದ್ದರೆ ಏನು ನೋಡುತ್ತೀರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅದನ್ನು ನಾನೇ ಊಹಿಸಿಕೊಂಡೆ. ಮುಂದಿನ ಐದು ತಿಂಗಳು ಆ ಊಹೆಯ ಜೊತೆಯಲ್ಲೇ ಬದುಕಿದೆ.

ಡೈರಿಯಲ್ಲಿ ಹೀಗಿದೆ: ಸೆಪ್ಟೆಂಬರ್ ಹದಿನಾಲ್ಕು, ಬೆಳಿಗ್ಗೆ ಏಳೂಕಾಲು, ಬಿತ್ತನೆ. ಒಂಬತ್ತನೆಯ ದಿನ ಮೊಳೆತದ್ದು ಏಳು. ಹದಿನೆಂಟನೆಯ ದಿನ ಬಸವನಹುಳು ತಿಂದದ್ದು ಎರಡು. ಉಳಿದದ್ದು ಐದು. ಹೋಲಿಸಿ ನೋಡಲಿಕ್ಕೆಂದು ಮನೆಯ ಖಾರದ ಮೆಣಸಿನ ಐದು ಗಿಡಗಳನ್ನೂ ಪಕ್ಕದಲ್ಲೇ ನೆಟ್ಟೆ. ದೊರೆಯ ಗಿಡದ ಎಲೆ ಮುರುಟಿದರೆ ರಾತ್ರಿ ಲಾಟೀನು ಹಿಡಿದು ಮತ್ತೆ ನೋಡಿ ಬರುತ್ತಿದ್ದೆ. ಹೂ ಉದುರಿದ ದಿನ ನಾನು ಊಟ ಬಿಟ್ಟೆ.

ಬೀಜ ಯಾರದ್ದೆಂದು ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಬಾವಿಕಟ್ಟೆಗೆ ತಿಳಿಯುತ್ತದೆ, ಬಾವಿಕಟ್ಟೆಗೆ ತಿಳಿದದ್ದು ಬಲ್ಮಠದವರೆಗೆ ಹೋಗುತ್ತದೆ. ನಾಳೆ ಗಿಡ ಸತ್ತರೆ ಊರೆಲ್ಲ ನನ್ನನ್ನು ವಿಚಾರಿಸಿಕೊಳ್ಳಲು ಬರುತ್ತದೆ.

ಫೆಬ್ರವರಿಯಲ್ಲಿ ದೊರೆಯ ಗಿಡಗಳು ಒಟ್ಟು ಇಪ್ಪತ್ತಮೂರು ಹಣ್ಣು ಕೊಟ್ಟವು. ಒಂದೊಂದೂ ಗೇಣುದ್ದ, ಕೆಂಪು. ಅಂಗಳದ ಚಾಪೆಯ ನಡುವೆ ನೂಲು ಕಟ್ಟಿ, ಎಡಕ್ಕೆ ಮನೆಯದ್ದು, ಬಲಕ್ಕೆ ದೊರೆಯದ್ದು ಒಣಗಲು ಹಾಕಿದೆ. ಬಲಗಡೆ ಒಂದು ಹಂಚಿನ ಚೂರಿನ ಮೇಲೆ ದಪ್ಪಕ್ಷರದಲ್ಲಿ "ಮುಟ್ಟಕೂಡದು" ಎಂದು ಬರೆದಿಟ್ಟೆ. ಅಮ್ಮನಿಗೆ ಓದಲು ಬಾರದು. ಅದು ನನಗೆ ಇಪ್ಪತ್ತೆರಡು ವರ್ಷಗಳಿಂದ ಗೊತ್ತಿತ್ತು.

ಅಷ್ಟರಲ್ಲಿ ಹೆದರಿ ಹೆದರಿ ನಾನು ಅರ್ಧವಾಗಿದ್ದೆ. ಒಂದೇ ದಿನ ಎರಡು ಸಲ ಹೊಸಿಲು ಎಡವಿದೆ.

"ಎಂತ ಮಗಾ, ಮುಖ ಹೀಗೆ ಬಾಡಿದೆ? ಯಾರದ್ದೋ ದೃಷ್ಟಿ ಉಂಟು" ಎಂದಳು ಅಮ್ಮ. "ಕೂತ್ಕೋ. ಕಣ್ಣು ಮುಚ್ಚು. ಮಾತಾಡ್ಬೇಡ."

ಪೂರ್ವಕ್ಕೆ ಮುಖ ಮಾಡಿ ಕೂತೆ. ಒಣಮೆಣಸು, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಪರೀಕ್ಷೆ. ಘಾಟು ಎದ್ದು ಕೆಮ್ಮು ಬಂದರೆ ದೃಷ್ಟಿ ಇಲ್ಲ. ಘಾಟೇ ಬಾರದಿದ್ದರೆ ದೃಷ್ಟಿ ಬಲವಾಗಿದೆ.

ಉಪ್ಪು ಚಟಪಟ ಎಂದಿತು. ಕಾದೆವು. ಯಾರೂ ಕೆಮ್ಮಲಿಲ್ಲ.

"ಅಯ್ಯೋ ದೇವರೇ" ಎಂದಳು ಅಮ್ಮ, ಬಹಳ ಮೆಲ್ಲಗೆ. ಕೂಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಮೊದಲ ಸಂಜೆ ಅಮ್ಮ ಗಟ್ಟಿಯಾಗಿ ಎಣಿಸಿ ಹಾಕಿದ್ದು ಐದು ಮೆಣಸು, ಘಾಟು ಇಲ್ಲ. ಎರಡನೆಯ ಸಂಜೆ ಏಳು, ಇಲ್ಲ. ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಡೈರಿಯಲ್ಲಿ ಬರೆದೆ. ಬರೆಯುವಾಗ ಅಲ್ಲೇ ಒಂದು ಚಿತ್ತಾಯಿತು. ನನ್ನ ಮೊದಲ ಚಿತ್ತು. ಮರುದಿನ ಕಚೇರಿಯಲ್ಲಿ ದೊರೆ ಸೀನಿದರು. ಅದೂ ನನ್ನಿಂದಲೇ ಎನಿಸಿತು. ನಾಡಿ ಹಿಡಿದು ಎಣಿಸಿದೆ. ಎರಡು ಸಲ ಎಣಿಸಿದರೆ ಎರಡು ಬೇರೆ ಬೇರೆ ಸಂಖ್ಯೆ. ನಾನು ಹೆಚ್ಚು ದಿನ ಇರುವವನಲ್ಲ ಎಂದು ತೀರ್ಮಾನಿಸಿ, ಕಾರ್ಖಾನೆಯ ಪುಸ್ತಕಗಳನ್ನು ಮುಂದೆ ಬರುವವನಿಗೆ ತಿಳಿಯುವಂತೆ ಜೋಡಿಸಿಟ್ಟೆ. ಅಂಗಳದ ಚಾಪೆಯ ಕಡೆ ನೋಡುವುದೇ ಮರೆತುಹೋಗಿತ್ತು.

ಮೂರನೆಯ ಸಂಜೆ ಹನ್ನೊಂದು. ಕೆಂಡದ ಮುಂದೆ ಕಣ್ಣು ಮುಚ್ಚಿ ಕೂತಿದ್ದೇನೆ. ಆಗ ಬೇಲಿಯಾಚೆಯಿಂದ ಹಸನಬ್ಬನ ಸ್ವರ ಬಂತು. ನಮ್ಮ ನೆರೆಯವನಾದ ಅವನಿಗೆ ಬಂದರಿನಲ್ಲಿ ಒಣಮೆಣಸಿನ ಅಂಗಡಿ.

"ಎಂತಮ್ಮ, ಬದನೆ ಸುಡ್ತಾ ಇದ್ದೀರಾ? ಒಳ್ಳೆ ಪರಿಮಳ ಉಂಟಲ್ಲ."

"ಬದನೆ ಅಲ್ಲ ಹಸನಬ್ಬ, ಮೆಣಸು. ಮಗನಿಗೆ ದೃಷ್ಟಿ. ಮೂರು ದಿನವಾಯ್ತು, ಘಾಟೇ ಇಲ್ಲ."

ಅವನು ಒಳಗೆ ಬಂದು, ಕೆಂಡದ ಬದಿಗೆ ಬಿದ್ದಿದ್ದ ಒಂದು ಚೂರನ್ನು ಊದಿ ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೊಂದು ಚೂರು ಹುಡುಕಿದ.

"ಇದಕ್ಕೆ ಘಾಟು ಎಲ್ಲಿಂದ ಬರ್ಬೇಕು ಮಾರಾಯ್ರೆ? ಬೆಲ್ಲದ ಹಾಗೆ ಉಂಟು. ರೈಟರೇ, ಇದು ಯಾವ ಊರಿನ ಮಾಲು?"

ಕಣ್ಣು ತೆರೆಯುವ ಮೊದಲೇ ನನ್ನ ತಲೆ ಕೂಡಿಸಿಬಿಟ್ಟಿತು. ಐದು, ಏಳು, ಹನ್ನೊಂದು. ಇಪ್ಪತ್ತಮೂರು.

ಚಾಪೆಯ ಕಡೆ ಓಡಿದೆ. ನೂಲಿನ ಬಲಗಡೆ ಹಂಚಿನ ಚೂರೊಂದೇ ಇತ್ತು. ಮುಟ್ಟಕೂಡದು.

"ಅಮ್ಮ, ಇದನ್ನೇ ಯಾಕೆ ತೆಗೆದೆ?"

"ಮತ್ತೆ? ಒಬ್ಬನೇ ಮಗನ ದೃಷ್ಟಿಗೆ ಸಣ್ಣ ಮೆಣಸು ಹಾಕ್ಲಿಕ್ಕೆ ಆಗ್ತದಾ?"

ಬೂದಿ ಕೆದಕಿದೆ. ಒಂದು ಬೀಜವೂ ಉಳಿದಿರಲಿಲ್ಲ. ಅಲ್ಲೇ ಕುಳಿತು, ಅದು ದೊರೆಯ ಮೆಣಸು, ಅದರ ಮೇಲೆ ನನ್ನ ನೌಕರಿ ನಿಂತಿದೆ ಎಂದು ಎಲ್ಲವನ್ನೂ ಹೇಳಿದೆ. ಅಮ್ಮ ಕೆಂಡವನ್ನೊಮ್ಮೆ ಊದಿದಳು. ಆಮೇಲೆ, "ಹಾಗಾದ್ರೆ ಪರೀಕ್ಷೆ ಆಗಲೇ ಇಲ್ಲ ಅಲ್ವಾ? ಸರಿಯಾದ ಮೆಣಸಲ್ಲಿ ಒಮ್ಮೆ ನೋಡುವ" ಎಂದು ಎಡಗಡೆಯಿಂದ ಹನ್ನೊಂದನ್ನು ತಂದು ಕೆಂಡಕ್ಕೆ ಸುರಿದಳು.

ಹಸನಬ್ಬ ಕೆಮ್ಮುತ್ತಾ ಬೇಲಿ ಹಾರಿದ. ಬೇಲಿಗೆ ಸಿಕ್ಕಿಕೊಂಡ ತನ್ನ ಮುಂಡಾಸನ್ನು ಮರುದಿನ ಬಂದು ತೆಗೆದುಕೊಂಡು ಹೋದ. ಆಚೆ ಬೀದಿಯವರೂ ಕೆಮ್ಮಿದರು. ನಾನಂತೂ ಬಾವಿಯ ಹತ್ತಿರ ಕಣ್ಣಿಗೆ ನೀರು ಹೊಯ್ದುಕೊಳ್ಳುತ್ತಿದ್ದೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಸಂತೋಷದಿಂದ ಸಾರಿದಳು: "ಏನೂ ಇಲ್ಲ ಮಗಾ. ನಿನ್ನ ಮೇಲೆ ಯಾರ ದೃಷ್ಟಿಯೂ ಇಲ್ಲ."

ಮರುದಿನ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಡೈರಿ ಹಿಡಿದುಕೊಂಡು ದೊರೆಯ ಮುಂದೆ ನಿಂತೆ. ಬಿತ್ತನೆಯಿಂದ ಬೂದಿಯವರೆಗೆ ಎಲ್ಲವನ್ನೂ ತಾರೀಕುವಾರು ಒಪ್ಪಿಸುವುದೆಂದು ನಿಶ್ಚಯಿಸಿದ್ದೆ.

"ಸಾರ್, ಆ ಮೆಣಸಿನ ಬೀಜ..."

ದೊರೆ ಕಾಗದದಿಂದ ತಲೆ ಎತ್ತಲಿಲ್ಲ.

"ಯಾವ ಮೆಣಸು?" ಎಂದರು. ಒಂದು ಕ್ಷಣ ಬಿಟ್ಟು, "ನೀನು ಯಾವ ವಿಭಾಗ?" ಎಂದು ಕೇಳಿದರು.

"ಒಡೆದ ಹಂಚು, ಸಾರ್" ಎಂದೆ.

ನನ್ನ ಮೇಲೆ ಯಾರ ದೃಷ್ಟಿಯೂ ಇಲ್ಲ ಎಂದ ಅಮ್ಮನ ಪರೀಕ್ಷೆ ನೂರಕ್ಕೆ ನೂರು ಸರಿಯಾಗಿತ್ತು. ಹಾಗೆಂದು ಡೈರಿಯಲ್ಲಿ ತಾರೀಕು ಹಾಕಿ ಬರೆದೆ. ಕೆಳಗೆ ಸಹಿ ಮಾಡಿ, ಹಂಗಾಮಿ ಎಂದು ಸೇರಿಸಿದೆ.