ಗೋಡೆಗೊಂದು ಮೊಳೆ

ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ನಮ್ಮ ಗುಮಾಸ್ತನ ಕತೆಯೂ ಅದೇ. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ಅಚ್ಚಿನ ಚಿತ್ರಗಳೆಂದರೆ ಅವನಿಗೆ ಪ್ರಾಣ. ಆದರೆ ಚಿತ್ರ ಕೊಂಡ ದುಡ್ಡಿಗೆ ಅದರ ಚೌಕಟ್ಟಿನ ಒಂದು ಮೂಲೆಯೂ ಬರುತ್ತಿರಲಿಲ್ಲ. ಹಾಗಾಗಿ ಸಮುದ್ರ, ದೋಣಿ, ಬೆಟ್ಟ ಎಲ್ಲವೂ ಸುಕ್ಕಾಗದಂತೆ ಹಾಸಿಗೆಯ ಕೆಳಗೆ ಮಲಗಿದ್ದವು.

"ಚಿತ್ರ ಇರೋದು ನೋಡೋಕೋ, ಅದರ ಮೇಲೆ ಮಲಗೋಕೋ?" ಎಂದು ಹೆಂಡತಿ ಕೇಳಿದ ದಿನ ಅವನಿಗೆ ರೋಷ ಬಂತು. ದೋಣಿಯ ಚಿತ್ರವನ್ನಾದರೂ ಇವತ್ತು ಗೋಡೆಗೇರಿಸಿಯೇ ಸೈ ಎಂದು ಹೊರಟ. ಅಡ್ಡಿಯೆಂದರೆ ಕೆಳಗಿನ ಮನೆಯಲ್ಲಿದ್ದ ಮಾಲೀಕರು. ಗೋಡೆಗೆ ಮೊಳೆ ಹೊಡೆದರೆ ತಮ್ಮ ಎದೆಗೇ ಹೊಡೆದಂತೆ ನರಳುವ ಆಸಾಮಿ.

ಮೊದಲು ಚೌಕಟ್ಟು, ಆಮೇಲೆ ಮೊಳೆ ಎಂದುಕೊಂಡು ಗುಮಾಸ್ತ ಬೀದಿ ಕೊನೆಯ ಗುಜರಿ ಅಂಗಡಿ ಹೊಕ್ಕ. ಅಳತೆಗೆ ಸರಿಯಾದ ಹಳೇ ಚೌಕಟ್ಟೊಂದು ಸಿಕ್ಕಿತು. ಒಳಗೆ ಯಾರೋ ಮೀಸೆಯ ಮುದುಕರ ಫೋಟೋ ಇತ್ತು.

"ಅವರು ಪುಕ್ಕಟೆ," ಎಂದ ಅಂಗಡಿಯವನು.

ಮೆಟ್ಟಿಲಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಅಡ್ಡಬಂದರು. "ಯಾರ್ರೀ ಇವರು?"

ಗುಜರಿ ಮಾಲು ಎನ್ನಲು ಗುಮಾಸ್ತನಿಗೆ ನಾಚಿಕೆಯಾಯಿತು. "ನಮ್ಮ... ದೊಡ್ಡಪ್ಪ."

"ಹೋಗಿಬಿಟ್ರಾ?"

ಇದ್ದಾರೆ ಎಂದರೆ ಇನ್ನೂ ಹತ್ತು ಪ್ರಶ್ನೆ ಬರುತ್ತಿದ್ದವು. ಗುಮಾಸ್ತ ಸುಮ್ಮನೆ ತಲೆ ತಗ್ಗಿಸಿದ. ಅಷ್ಟೇ ಸಾಕಾಯಿತು. ಫೋಟೋ ಬಿಚ್ಚಲು ಅವನು ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ಮೇಷ್ಟ್ರ ಹಿಂದೆ ಅಕ್ಕಪಕ್ಕದವರೆಲ್ಲ ಮುಖ ಸಣ್ಣಗೆ ಮಾಡಿಕೊಂಡು ಬಂದು ಕೂತರು. ಸತ್ತವರು ಯಾರೆಂದು ತಿಳಿಯದ ಹೆಂಡತಿ ಎಲ್ಲರಿಗೂ ಟೀ ಕೊಟ್ಟು, ಇರಲಿ ಎಂದು ತಾನೂ ಕಣ್ಣೊರೆಸಿಕೊಂಡಳು.

ಕೊನೆಗೆ ಮಾಲೀಕರೇ ಬಂದರು, ಕೈಯಲ್ಲಿ ಸುತ್ತಿಗೆ ಹಿಡಿದು. "ಹಿರಿಯರಿಗೆ ಗೋಡೇಲಿ ಜಾಗ ಇಲ್ಲ ಅನ್ನೋಕಾಗುತ್ತಾ? ನಾನೇ ಹೊಡೀತೀನಿ, ಪಕ್ಕಕ್ಕೆ ಸರೀರಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ. ಇವತ್ತು ಮೊಳೆ ಇಳಿಯಲಿ, ನಾಳೆ ದೊಡ್ಡಪ್ಪನನ್ನು ಇಳಿಸಿ ದೋಣಿ ಏರಿಸಿದರಾಯಿತು ಎಂದು ಗುಮಾಸ್ತ ಒಳಗೊಳಗೇ ಹಿಗ್ಗಿದ. ಮಾಲೀಕರು ಮೊಳೆ ಹೊಡೆದು, ಫೋಟೋ ತೂಗುಹಾಕಿ, ನೆಟ್ಟಗಿದೆಯೋ ನೋಡಲೆಂದು ಹಿಂದೆ ಸರಿದು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಸುತ್ತಿಗೆ ಕೈಜಾರಿತು.

"ಇದು ನಮ್ಮಪ್ಪ."

ಗುಮಾಸ್ತ ಬೆವೆತು, ತೊದಲಿ, ಗುಜರಿ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಬಾಯಿಬಿಟ್ಟ. ಇವತ್ತೇ ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡ. ನೋಡಿದರೆ ಮಾಲೀಕರ ಕಣ್ಣು ತುಂಬಿತ್ತು.

"ಸುಣ್ಣ ಹೊಡೆಸುವಾಗ ಎಲ್ಲೋ ಕಳೆದುಹೋಯ್ತು ಅಂದಿದ್ಲು ನನ್ನ ಹೆಂಡತಿ. ಗುಜರಿಗೆ ಹಾಕಿದ್ದಾಳೆ. ನಿಮ್ಮ ಕೈಗೆ ಸಿಕ್ಕಿದ್ದಕ್ಕೆ ನಮ್ಮಪ್ಪ ಉಳಿದ್ರು. ಏನು ಬೇಕು ಕೇಳಿ."

"ಏನೂ ಬೇಡ ಸಾರ್. ಆ ಮೊಳೆ ಒಂದು ಅಲ್ಲೇ ಇರಲಿ."

"ಇರಲಿ ಸ್ವಾಮಿ, ಅದನ್ನೂ ಕೇಳಬೇಕಾ?"

ಗುಮಾಸ್ತನಿಗೆ ಆಗಲೇ ಗೋಡೆಯ ಮೇಲೆ ದೋಣಿ ತೇಲಿದಂತಾಯಿತು.

ಮಾಲೀಕರು ಬಾಗಿಲ ಕಡೆಗೊಮ್ಮೆ ಕಳ್ಳನೋಟ ಬೀರಿ ದನಿ ತಗ್ಗಿಸಿದರು. "ಅಪ್ಪನೂ ಅಲ್ಲೇ ಇರಲಿ. ಕೆಳಗೆ ತಗೊಂಡು ಹೋದ್ರೆ ಅವಳು ಮತ್ತೆ ಗುಜರಿಗೆ ಹಾಕ್ತಾಳೆ. ದಿನಾ ಬೆಳಿಗ್ಗೆ ನಾನೇ ಬಂದು ಮುಖ ನೋಡ್ಕೊಂಡು ಹೋಗ್ತೀನಿ. ನೀವೇನೂ ಮಾಡೋದು ಬೇಡ, ಐದೂವರೆಗೆ ಬಾಗಿಲು ತೆಗೆದಿಟ್ರೆ ಸಾಕು."