ನತ್ತು ನೆರೆಮನೆಯದು, ಮುಖ ನನ್ನದೇ

ಮುಖ ನಮ್ಮದೇ ಆದರೂ ಅದನ್ನು ನೋಡುವ ಕೆಲಸ ಮಾತ್ರ ಊರಿನವರದು. ನಾನಂತೂ ಕನ್ನಡಿಯಲ್ಲಿ ಹಣೆಯಷ್ಟನ್ನೇ ನೋಡಿಕೊಳ್ಳುವವಳು, ಅದೂ ಕುಂಕುಮ ನೆಟ್ಟಗಿದೆಯೋ ಇಲ್ಲವೋ ಅಂತ. ಉಳಿದ ಭಾಗ ಹೇಗಿದೆ ಎಂದು ಬೇರೆಯವರು ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ನನ್ನ ತವರು ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಹೂ ಮಾರುವಾಕೆ "ನೀವು ಗುಂಡಪ್ಪ ಮಾಸ್ತರ ಮಗಳಲ್ಲೇನ್ರಿ? ಮೂಗು ನೋಡಿದ್ರ ಗೊತ್ತಾಗ್ತದ" ಅನ್ನುತ್ತಾಳೆ. ಅಪ್ಪನ ಮೂಗು ಅಷ್ಟು ಪ್ರಸಿದ್ಧ. ಮದುವೆಯಾಗಿ ಬಂದ ಹುಮನಾಬಾದಿನಲ್ಲಿ ನಾನು ಸಕ್ಕರೆ ಫ್ಯಾಕ್ಟರಿ ಕ್ಲಾರ್ಕ್ ಶಿವರಾಜಪ್ಪನವರ ಮನೆಯವರು. ಹೀಗೆ ಅಪ್ಪನ ಮೂಗು, ಗಂಡನ ಹೆಸರು ಇವೆರಡರ ಮೇಲೆ ಆರಾಮಾಗಿ ಬದುಕಿದ್ದ ನನಗೆ, ನಾನು ನಾನೇ ಎಂದು ಸಾಬೀತು ಮಾಡಬೇಕಾದ ಪ್ರಸಂಗ ಈ ಚಳಿಗಾಲದಲ್ಲಿ ಬಂತು. ಅದೂ ಒಂದು ಯಂತ್ರದ ಮುಂದೆ.

ಕಾರಣ ನನ್ನ ಬಾಲ್ಯದ ಗೆಳತಿ ರಾಬಿಯಾ. ಬಸವಕಲ್ಯಾಣದ ಕೋಟೆಯ ಕೆಳಗಿನ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಕಲ್ಲು ಸಡಿಲವಾಗಿತ್ತು. ಅದನ್ನು ತೆಗೆದರೆ ಒಂದು ಬಟ್ಟಲು ದಾಟುವಷ್ಟು ಕಿಂಡಿ. ಅವಳ ಅಮ್ಮಿ ನನಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ ಖಿಚಡಿ ಈ ಕಡೆ ಬರುತ್ತಿತ್ತು, ನಮ್ಮವ್ವನ ಹೋಳಿಗೆ ಆ ಕಡೆ ಹೋಗುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲೆ ರಾಬಿಯಾ ಬುರ್ಖಾ ಹಾಕತೊಡಗಿದಳು. ಅವಳ ಜೊತೆ ಬರುವ ಹುಡುಗಿಯರೂ ಅದೇ ಬಣ್ಣ, ಅದೇ ಎತ್ತರ. ಆದರೆ ನಾನು ಓಣಿಯ ತಿರುವಿನಿಂದಲೇ ಅವಳನ್ನು ಗುರುತಿಸುತ್ತಿದ್ದೆ. ಎಡಗಾಲಿನ ಚಪ್ಪಲಿಯನ್ನು ಎಳೆದು ಹಾಕುವ ಅಭ್ಯಾಸ ಅವಳಿಗೆ. ಹುಡುಗಿಯರು ಬೇಕಂತಲೇ ಚಪ್ಪಲಿ ಅದಲು ಬದಲು ಮಾಡಿಕೊಂಡು ನನ್ನನ್ನು ಪರೀಕ್ಷೆ ಮಾಡಿದರು. ನಾನು ಒಮ್ಮೆಯೂ ತಪ್ಪಲಿಲ್ಲ. ಗಣಿತದಲ್ಲಿ ಸಿಗದ ಹೆಮ್ಮೆಯೆಲ್ಲ ನನಗೆ ಇದರಲ್ಲಿ ಸಿಕ್ಕಿತು.

ಮದುವೆಯಾಗಿ ರಾಬಿಯಾ ಭೋಪಾಲಕ್ಕೆ ಹೋದಳು. ಅವಳ ಅಣ್ಣ ಅಂಗಡಿಯನ್ನು ಸೋಲಾಪುರಕ್ಕೆ ಸಾಗಿಸಿದ, ಅಮ್ಮಿಯೂ ಅವನ ಜೊತೆ ಹೋದರು. ಬಸವಕಲ್ಯಾಣಕ್ಕೆ ಬರಲು ಅವಳಿಗೆ ಮನೆಯೇ ಉಳಿಯಲಿಲ್ಲ. ಫೋನು ಇತ್ತು ನಿಜ. ಆದರೆ ವಿಡಿಯೋ ಬಂದ ಮೇಲೂ ಅದರಲ್ಲಿ ಮುಖ ತೋರಿಸೇ ಎಂದರೆ ಆಕೆ ಸುತರಾಂ ಒಪ್ಪುತ್ತಿರಲಿಲ್ಲ. "ಫೋನಿನ್ಯಾಗ ನೋಡಿದ್ರ ನೀ ಬರೂದೇ ಬಿಡ್ತಿ. ಬಂದು ನೋಡು" ಅನ್ನುತ್ತಿದ್ದಳು. ನಾನೂ ಹಟಕ್ಕೆ ಬಿದ್ದು ನನ್ನ ಮುಖ ತೋರಿಸಲಿಲ್ಲ. ಹೀಗೆ ದನಿಯೊಂದನ್ನೇ ಕೇಳಿಕೊಂಡು ಎರಡು ದಶಕಕ್ಕಿಂತ ಹೆಚ್ಚು ಕಳೆದವು. ಹೇಳಲಿಕ್ಕೆ ನಾಚಿಕೆಯೇನಿಲ್ಲ, ಹಬ್ಬದ ದಿನ ಎಲ್ಲರೂ ಉಂಡು ಮಲಗಿದ ಮಧ್ಯಾಹ್ನ ನನಗೆ ಆ ಕಿಂಡಿ ನೆನಪಾಗಿ, ಒಂದು ಹೋಳಿಗೆಯನ್ನು ಬಟ್ಟಲಲ್ಲಿ ಹಾಕಿ ಸುಮ್ಮನೆ ಎತ್ತಿಡುತ್ತಿದ್ದೆ.

ಈ ವರ್ಷ ಅವಳ ಮಗಳ ಮದುವೆ ದಿಢೀರನೆ ಗೊತ್ತಾಯಿತು. ರೈಲಿನ ಟಿಕೆಟ್ ಸಿಗಲಿಲ್ಲ. "ಸೀಜನ್ ನಡದದ, ಕಬ್ಬಿನ ಗಾಡಿ ಹಳ್ಳಿಖೇಡದ ತನಕಾ ಸಾಲು ಹಚ್ಯಾವ, ನನಗ ರಜಾ ಯಾರು ಕೊಡ್ತಾರ? ಬೇಕಾದ್ರ ವಿಮಾನದಾಗ ನೀ ಒಬ್ಬಾಕೀನೇ ಹೋಗು" ಎಂದರು ನಮ್ಮನೆಯವರು. ಒಬ್ಬಳೇ ಹೋಗಲಾರಳು ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. "ಆಯ್ತ್ರಿ, ಹೋಗ್ತೀನಿ" ಅಂದೆ. ಅವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಆಮೇಲಿನ ಜವಾಬ್ದಾರಿಯನ್ನು ನೆರೆಮನೆಯ ಸರೋಜಾಬಾಯಿ ವಹಿಸಿಕೊಂಡಳು. ಆಕೆ ಒಮ್ಮೆ ವಿಮಾನದಲ್ಲಿ ತಿರುಪತಿಗೆ ಹೋಗಿ ಬಂದವಳು. ಅಂದಿನಿಂದ ನಮ್ಮ ಓಣಿಯಲ್ಲಿ ಆಕಾಶಕ್ಕೆ ಸಂಬಂಧಿಸಿದ ಎಲ್ಲ ವಿಷಯಕ್ಕೂ ಆಕೆಯ ಮಾತೇ ಕೊನೆ. "ವೈನಿ, ಈಗ ಟಿಕೆಟ್ ತೋರಸೂದಿಲ್ಲ, ಆಧಾರ್ ತೋರಸೂದಿಲ್ಲ. ಮೊದಲ ಫೋನಿನ್ಯಾಗ ಮಾರಿ ಬರಸಬೇಕು. ಅಲ್ಲಿ ಹೋಗಿ ಮಾರಿ ತೋರಸಿದ್ರ ಬಾಗಿಲಾ ತಾನೇ ತೆರೀತದ" ಎಂದಳು. ಫೋನಿನಲ್ಲಿ ಏನೇನೋ ಒತ್ತಿ, "ಹಂ, ಈಗ ಫೋಟೋ ತಗೀಬೇಕು" ಅಂದಳು.

ತಪ್ಪಾದದ್ದು ಇಲ್ಲೇ. ಫೋಟೋ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನಮ್ಮ ಕಡೆಯ ಹೆಂಗಸರು ಇದ್ದಂತೆ ಎದ್ದು ನಿಲ್ಲುವುದುಂಟೆ? ನಾನು ಇಳಕಲ್ ಸೀರೆ ಉಟ್ಟೆ. ಪೌಡರು ಹಚ್ಚಿದೆ. ಫೋಟೋಕ್ಕೆ ಚಷ್ಮಾ ಶೋಭೆಯಲ್ಲವೆಂದು ತೆಗೆದಿಟ್ಟೆ. ತಲೆಯ ಮೇಲೆ ಸೆರಗು ಎಳೆದುಕೊಂಡೆ. ಸರೋಜಾಬಾಯಿ ದೂರ ನಿಂತು ನೋಡಿ, "ಮೂಗು ಖಾಲಿ ಕಾಣಾಕತ್ತದ" ಎಂದು ಮನೆಗೆ ಓಡಿ ತನ್ನ ಮದುವೆಯ ಮುತ್ತಿನ ನತ್ತು ತಂದು ಇಟ್ಟಳು. ಅಪ್ಪನ ಮೂಗಿಗೆ ಅಂಥ ನತ್ತು ಬಿದ್ದ ಮೇಲೆ ಮುಖದಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ. ಸ್ಟುಡಿಯೋದಲ್ಲಿ ಕಲಿಸಿದಂತೆ ಉಸಿರು ಬಿಗಿಹಿಡಿದು, ನಗದೆ, ಕಣ್ಣು ಅರಳಿಸಿ ನಿಂತೆ. ಫೋನು ಹೇಗೋ ಒಪ್ಪಿಕೊಂಡಿತು. ಅಷ್ಟು ಚೆಂದದ ಫೋಟೋ ವ್ಯರ್ಥವಾಗಬಾರದೆಂದು ನನ್ನ ಹಟ ಬಿಟ್ಟು ರಾಬಿಯಾಗೂ ಕಳಿಸಿದೆ. "ಬರೋಳು ಹೀಂಗಿದ್ದಾಳ, ಗುರುತು ಇಟ್ಕೋ" ಎಂದೂ ಹೇಳಿದೆ.

ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ನಾನು ಹೋದದ್ದು ಹುಮನಾಬಾದಿನ ಬಸ್ಸಿನಲ್ಲಿ, ಕಿಟಕಿಯ ಪಕ್ಕ. ಕೂದಲು ಹಾರಿತ್ತು, ಪೌಡರಿನ ಜಾಗದಲ್ಲಿ ಹೆದ್ದಾರಿಯ ಧೂಳಿತ್ತು, ಮೂಗಿನ ಮೇಲೆ ಚಷ್ಮಾ ಇತ್ತು. ಮುಖ ಗುರುತು ಹಿಡಿಯುವ, ಕಂಬದ ಮೇಲಿನ ಕಪ್ಪು ಪೆಟ್ಟಿಗೆಯ ಮುಂದೆ ನಿಂತೆ. ಅದು ಕೆಂಪು ದೀಪ ತೋರಿಸಿತು. ಚಷ್ಮಾ ತೆಗೆದೆ. ಕೆಂಪು. ಸೆರಗು ಸರಿಮಾಡಿಕೊಂಡು ಉಸಿರು ಬಿಗಿಹಿಡಿದೆ. ಮತ್ತೆ ಕೆಂಪು. ಹಿಂದಿನವರು ಗೊಣಗತೊಡಗಿದರು. ಅಲ್ಲಿದ್ದ ಪೊಲೀಸ್ ಹೆಣ್ಣುಮಗಳು ಬಂದು ನನ್ನ ಫೋನಿನಲ್ಲಿದ್ದ ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. "ಅಮ್ಮಾ, ಇಸ್ ಮೇ ನಥ್ ಹೈ, ಚಶ್ಮಾ ನಹೀ. ಆಪ್ ಕೋ ಚಶ್ಮಾ ಹೈ, ನಥ್ ನಹೀ" ಎಂದಳು. ಫೋಟೋದವಳಿಗೆ ನತ್ತು, ಎದುರಿಗಿದ್ದವಳಿಗೆ ಚಷ್ಮಾ.

ರಾಬಿಯಾಳ ಅಮ್ಮಿಯ ಮನೆಯಲ್ಲಿ ಕಲಿತ ನನ್ನ ದಖನಿ ಉರ್ದು ಅಂದು ಉಪಯೋಗಕ್ಕೆ ಬಂತು. "ನಥ್ ಪಡೋಸನ್ ಕೀ ಹೈ ಬೇಟಿ, ಮೂ ಮೇರಾಚ್ ಹೈ" ಅಂದೆ. ನತ್ತು ನೆರೆಮನೆಯದು ಮಗಳೇ, ಮುಖ ಮಾತ್ರ ನನ್ನದೇ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ, ನನ್ನನ್ನು ಆಧಾರ್ ತೋರಿಸುವ ಹಳೆಯ ಸಾಲಿಗೆ ಕರೆದೊಯ್ದು ಒಳಗೆ ಬಿಟ್ಟಳು.

ಆದರೆ ವಿಮಾನದಲ್ಲಿ ಕೂತ ಮೇಲೆ ನನಗೆ ನಗು ಬರಲಿಲ್ಲ. ಮೊನ್ನೆ ಮೊನ್ನೆ ನೋಡಿದ ಯಂತ್ರಕ್ಕೇ ನನ್ನ ಗುರುತು ಸಿಗದಿದ್ದರೆ, ಹುಡುಗಿಯಾಗಿದ್ದಾಗ ಬಿಟ್ಟುಹೋದ ರಾಬಿಯಾಗೆ ಹೇಗೆ ಸಿಕ್ಕೀತು? ಅವಳು ನನ್ನನ್ನು ನೋಡಿ ಒಂದು ಗಳಿಗೆ ಯಾರೋ ಅನ್ನುವಂತೆ ನಿಂತರೂ ನನ್ನ ಎದೆ ಒಡೆದೀತು. ನನ್ನ ಬಗ್ಗೆ ಮಾತ್ರ ಚಿಂತೆಯಿರಲಿಲ್ಲ. ಎಡಗಾಲಿನ ಚಪ್ಪಲಿ ಇರುವ ತನಕ ನಾನು ಅವಳನ್ನು ಎಲ್ಲಿದ್ದರೂ ಹಿಡಿಯುತ್ತೇನೆಂದು ಪೂರ್ತಿ ಭರವಸೆಯಿತ್ತು.

ಭೋಪಾಲದ ಬಾಗಿಲಿನಿಂದ ಹೊರಗೆ ಬಂದವಳೇ ತಲೆ ಎತ್ತಲಿಲ್ಲ. ಕಾಲುಗಳನ್ನೇ ನೋಡುತ್ತ ನಡೆದೆ. ಅಡ್ಡ ನಿಂತಿದ್ದ ನರೆಗೂದಲಿನ ಹೆಂಗಸೊಬ್ಬಳಿಗೆ ಗದ್ದಲದ ನಡುವೆ "ಜರಾ ಸರಕೋಜೀ" ಎಂದು ಗೊಣಗಿ ದಾರಿ ಮಾಡಿಕೊಂಡೆ. ಅಷ್ಟರಲ್ಲಿ ಕಂಡಿತು, ಕಪ್ಪು ಬುರ್ಖಾ, ಎಳೆಯುತ್ತಿರುವ ಎಡಗಾಲು! ಓಡಿ ಹೋಗಿ "ರಾಬೀ!" ಎಂದು ತಬ್ಬಿಕೊಂಡೆ. ಆಕೆ ಒಂದು ಕ್ಷಣ ಗಾಬರಿಯಾಗಿ, ಆಮೇಲೆ ಮೆಲ್ಲಗೆ ನನ್ನ ಬೆನ್ನು ತಟ್ಟಿ, ನಾನು ಅವಳಲ್ಲ ಎಂದಳು. ಚಪ್ಪಲಿಯ ಪಟ್ಟಿ ಹರಿದಿತ್ತಂತೆ, ಅಷ್ಟೇ. ನಾಚಿಕೆಯಿಂದ ಮುದುಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಬಂದು, ಅದೇ ನರೆಗೂದಲಿನ ಹೆಂಗಸನ್ನು ಮತ್ತೊಮ್ಮೆ ಸರಿಸಿ, ಕಂಬದ ಪಕ್ಕ ನಿಂತು ಫೋನು ಹಚ್ಚಿದೆ.

"ಎಲ್ಲಿದ್ದೀಯೇ?"

"ಬಾಗಿಲಾ ಮುಂದೇ ನಿಂತೀನಿ. ನತ್ತು ಇಟ್ಕೊಂಡಾಕಿ ಒಬ್ಬಾಕೀನೂ ಬರವಲ್ಲಳು!"

ಆ ಮಾತು ನನ್ನ ಎರಡೂ ಕಿವಿಗೆ ಬಿತ್ತು. ಒಂದಕ್ಕೆ ಫೋನಿನಿಂದ, ಇನ್ನೊಂದಕ್ಕೆ ಪಕ್ಕದಿಂದ. ತಿರುಗಿದೆ. ನಾನು ಎರಡೆರಡು ಸಲ ಸರಿಸಿದ್ದ ಹೆಂಗಸು, ತಲೆಯ ಮೇಲೊಂದು ಶಾಲು, ದಪ್ಪ ಚಷ್ಮಾ, ಫೋನು ಹಿಡಿದು ಬಾಗಿಲನ್ನೇ ದಿಟ್ಟಿಸುತ್ತಿದ್ದಾಳೆ. ರಾಬಿಯಾಗೆ ಮೊಣಕಾಲು ನೋವು ಬಂದು ಈಗ ಎರಡೂ ಕಾಲು ಎಳೆಯುತ್ತವೆ, ಎಡಗಾಲಿನ ಹೆಚ್ಚುಗಾರಿಕೆ ಹೋಗಿ ಯಾವ ಕಾಲವಾಯಿತೋ. ಇಬ್ಬರೂ ಅತ್ತೆವು, ಅಳುತ್ತಲೇ ನಕ್ಕೆವು. "ನಿನ್ನ ನತ್ತು ಹುಡುಕಾಕತ್ತಿದ್ದೆ ಹುಚ್ಚೀ" ಎಂದಳು. "ನಾ ನಿನ್ನ ಕಾಲು ಹುಡುಕಾಕತ್ತಿದ್ದೆ" ಅಂದೆ.

ಮದುವೆಮನೆಯಲ್ಲಿ ಆಕೆ ಬೀಗರನ್ನು ಬಿಟ್ಟು ನನ್ನ ಜೊತೆಯೇ ಮಾತಾಡಿದಳು. ಇಲ್ಲಿ ಕನ್ನಡ ಆಡೋರು ಯಾರೂ ಇಲ್ಲ, ಒಮ್ಮೊಮ್ಮೆ ಒಲೆಯ ಮುಂದೆ ನಿಂತು ನಾನೇ ಆಡಿಕೊಳ್ಳುತ್ತೇನೆ ಎಂದಳು. "ನಮ್ಮ ಗ್ವಾಡಿ ಅದನೇ? ಆ ಕಲ್ಲು ಹಂಗೇ ಅದನೇ?" ಎಂದು ಕೇಳಿದಳು. ಹೊಸ ಮಾಲೀಕರು ಸಿಮೆಂಟು ಮೆತ್ತಿ ಕಿಂಡಿ ಮುಚ್ಚಿದ್ದಾರೆ ಎಂದು ಹೇಳಬೇಕಾಯಿತು. ಆಕೆ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡೇ ಕೂತಳು.

ಹೊರಡುವ ಹಿಂದಿನ ದಿನ, ತನ್ನ ಮಂಚದ ಮೇಲೆ ನನ್ನನ್ನು ಕೂರಿಸಿ, ವಿಮಾನ ನಿಲ್ದಾಣದ ಯಂತ್ರಕ್ಕಾಗಿ ಫೋನಿನಲ್ಲಿ ಹೊಸದಾಗಿ ಫೋಟೋ ತೆಗೆದು ಮುಖ ಬರೆಸಿದ್ದು ರಾಬಿಯಾಳೇ. ಚಷ್ಮಾ ಇತ್ತು, ಕೂದಲು ಕೆದರಿತ್ತು, ನತ್ತು ಇರಲಿಲ್ಲ. ಅವಳನ್ನು ನೋಡುತ್ತ ನಗುತ್ತಿದ್ದೆ. "ಈಗ ನೀ ನಿನ್ನಂಗೇ ಕಾಣಾಕತ್ತಿ" ಎಂದಳು.

ಮರುದಿನ ವಿಮಾನ ನಿಲ್ದಾಣದ ಬಾಗಿಲ ತನಕ ಬಂದಳು. ಅದರಾಚೆ ಪ್ರಯಾಣಿಕರಿಗಷ್ಟೇ ಪ್ರವೇಶ. ನಾನು ಪೆಟ್ಟಿಗೆಯ ಮುಂದೆ ನಿಂತೆ. ಅತ್ತು ಅತ್ತು ಕಣ್ಣು ಬಾತಿದ್ದವು, ಮೂಗು ಕೆಂಪಾಗಿತ್ತು. ಈ ಮುಖ ಯಾವ ಯಂತ್ರಕ್ಕೂ ಗುರುತು ಸಿಗುವಂತಿರಲಿಲ್ಲ. ಆದರೂ ಇರಲಿ ಎಂದು ಚಷ್ಮಾ ತೆಗೆದೆ. ಸೆರಗನ್ನು ಹುಬ್ಬಿನ ತನಕ ಎಳೆದೆ. ಯಾರೂ ನೋಡುತ್ತಿಲ್ಲವೆಂದುಕೊಂಡು ಬಾಯಿಯನ್ನೂ ಸೊಟ್ಟ ಮಾಡಿದೆ. ಹೈದರಾಬಾದಿನಲ್ಲಿ ಬಾರಿ ಬಾರಿಗೂ ತೋರಿಸಿದ ಕೆಂಪು ದೀಪವನ್ನು ಇಲ್ಲಿ ಒಂದೇ ಒಂದು ಸಲ ತೋರಿಸಪ್ಪಾ, ಹೊರಗೆ ಹೋಗಿ ಇನ್ನೊಂದು ಮಾತು ಆಡಿ ಬರುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಹಸಿರು ದೀಪ ಬಂತು. ಬಾಗಿಲು ತೆರೆಯಿತು.