ದೊಡ್ಡಪ್ಪನ ಕಾರಿಗೆ ಕೂಲರ್ ಕೂರಿಸಿದ್ದು

ಗ್ಯಾರೇಜಲ್ಲಿ ಕೆಲಸ ಮಾಡೋನು ನಗಕ್ಕೆ ಅಂತ ಎಲ್ಲಿಗೂ ಹೋಗ್ಬೇಕಾಗಿಲ್ಲ ಕಣ್ರೀ, ಬೆಳಿಗ್ಗೆ ಶಟರ್ ಎತ್ತಿದ್ರೆ ಸಾಕು, ನಗು ತಾನಾಗೇ ಗಾಡಿ ಹತ್ಕಂಡು ಬತ್ತದೆ. ನಾನು ಚನ್ನಪಟ್ಟಣದಾಗೆ ಹಳೇ ಹೈವೇ ಪಕ್ಕದ ಗ್ಯಾರೇಜಲ್ಲಿ ಮೆಕ್ಯಾನಿಕ್ಕು. ನಮ್ಮ ಓನರ್‌ನ ಊರೆಲ್ಲ ಭಾಯ್ ಅಂತದೆ, ನಾನೂ ಹಂಗೇ ಅಂತೀನಿ. ದಿನಾ ಒಂದಲ್ಲ ಒಂದು ನಡೀತಾನೇ ಇರ್ತದೆ. ಆದ್ರೆ ಈ ಬೇಸಿಗೇಲಿ ನಮ್ಮ ದೊಡ್ಡಪ್ಪನ ಕಾರೊಂದೇ ನಡೆಸಿದ್ದನ್ನ ಮಿಕ್ಕಿದ ಗಾಡಿಗಳೆಲ್ಲ ಸೇರಿ ನಡೆಸಿಲ್ಲ. ತಡೀರಿ, ಮೊದಲಿಂದ ಹೇಳ್ತೀನಿ.

ಬೀಗರು ತಳ್ಳಿದ್ದು

ದೊಡ್ಡಪ್ಪ ಬೈರಾಪಟ್ಟಣದಾಗೆ ರೇಷ್ಮೆ ಬೆಳೀತಾರೆ. ಹಿಪ್ಪುನೇರಳೆ ತೋಟ, ಹುಳದ ಮನೆ, ಮತ್ತೆ ಆ ಕಾರು, ಇವು ಮೂರೇ ಅವರ ಪ್ರಪಂಚ. ಕಾರು ನನಗಿಂತ ವಯಸ್ಸಲ್ಲಿ ದೊಡ್ಡದು, ಡೀಸೆಲ್‌ದು, ನಾನು ಸ್ಟೇರಿಂಗ್ ಹಿಡಿಯೋದು ಕಲ್ತಿದ್ದೇ ಅದ್ರಲ್ಲಿ. ಅದಕ್ಕೆ ಇರೋದು ಒಂದೇ ಕಾಯಿಲೆ. ಬಿಸಿಲಲ್ಲಿ ಒಸಿ ದೂರ ಓಡಿದ್ರೆ ಎಂಜಿನ್ ಆಯಿಲ್ ಕಾದು ನೀರಾಗ್ಬುಡ್ತದೆ, ಕೆಂಪು ಲೈಟು ಹತ್ಕತದೆ, ಆಮೇಲೆ ನಿಂತ್ಕಬುಡ್ತದೆ.

ದೊಡ್ಡಪ್ಪನ ಮಗಳನ್ನ ಮಾಗಡಿಗೆ ಕೊಟ್ಟೈತೆ. ಮದುವೆ ಆದ ಹೊಸದ್ರಲ್ಲಿ ಅಕ್ಕನ ಮಾವ, ಅಂದ್ರೆ ನಮ್ಮ ಬೀಗರು, ಹೆಂಡ್ತೀನ ಕರ್ಕಂಡು ಬಂದಿದ್ರು. ದೊಡ್ಡಪ್ಪ ಅವ್ರನ್ನ ದೊಡ್ಡಮಳೂರಿನ ದೇವಸ್ಥಾನಕ್ಕೆ ಕಾರಲ್ಲಿ ಕರ್ಕಂಡು ಹೋದ್ರು. ಬರುವಾಗ ರಸ್ತೆ ಮಧ್ಯೆ ಕಾರು ನಿಂತ್ಕಂತು. ದೊಡ್ಡಪ್ಪನಿಗೆ ಮಂಡಿನೋವು, ಹಂಗಾಗಿ ಅವರು ಸ್ಟೇರಿಂಗ್ ಹಿಡ್ಕಂಡು ಕುಂತ್ರು. ಬೀಗರು ರೇಷ್ಮೆ ಪಂಚೆ ಎತ್ತಿ ಕಟ್ಕಂಡು ತಳ್ಳಿದ್ರು. ಬೀಗಿತ್ತಿ ಗಂಡನ ಚಪ್ಪಲಿ ಕೈಯಲ್ಲಿ ಹಿಡ್ಕಂಡು ಹಿಂದೆ ನಡ್ಕಂಡು ಬಂದ್ರು.

ಅವತ್ತಿಂದ ಬೀಗರು ಎಲ್ಲಿ ಸಿಕ್ಲಿ, ಮದುವೆ ಮನೇಲಿ ಸಿಕ್ಲಿ, ತಿಥಿ ಮನೇಲಿ ಸಿಕ್ಲಿ, ಹೆಂಗಿದ್ದೀರಾ ಅಂತ ಕೇಳಲ್ಲ. "ಕಾರು ಹೆಂಗೈತೆ ಬೀಗ್ರೇ?" ಅಂತಾರೆ ಅಷ್ಟೇ. ಹಂಗಂದು ಮೀಸೆ ಒಳಗೇ ನಗ್ತಾರೆ. ಸಾಲದ್ದಕ್ಕೆ ಈ ವರ್ಷ ಒಂದು ಹೊಸ ಕಾರು ಬೇರೆ ತಕ್ಕಂಡ್ರು.

ಬೇಸಿಗೇಲಿ ಎರಡೂ ಮನೆಯೋರು ಸೇರಿ ಸಾವನದುರ್ಗಕ್ಕೆ ಪೂಜೆಗೆ ಹೋಗಣ ಅಂತ ಮಾತಾಯ್ತು. ನಮ್ಮ ಹೊಸ ಕಾರಲ್ಲೇ ಹೋಗಣ ಅಂದ್ರಂತೆ ಬೀಗರು. ದೊಡ್ಡಪ್ಪ ರೋಷಕ್ಕೆ ಬಿದ್ದು, ಇಲ್ಲ, ನಾನೇ ಮಾಗಡಿಗೆ ಬಂದು ನಮ್ಮ ಕಾರಲ್ಲೇ ನಿಮ್ಮನ್ನ ಕರ್ಕಂಡು ಹೋಯ್ತೀನಿ ಅಂದ್ಬುಟ್ರು. ಫೋನ್ ಇಟ್ಟ ಮೇಲೆ ಬೆವರಿದ್ರು.

ದೊಡ್ಡಮ್ಮ ಅಲ್ಲೇ ಹೇಳಿದ್ರು: "ಈ ಸಲ ಏನಾರ ಅವರ ಮುಂದೆ ನಿಂತ್ಕಂತೋ, ಅಲ್ಲಿಂದ ಮನೆಗೆ ತರೋದು ಬ್ಯಾಡ. ಹಂಗೇ ಗುಜರಿಗೆ."

ಸುಮ್ಮನೆ ಅಂದಿದ್ದಲ್ಲ. ಗುಜರಿಯವನ ನಂಬರು ಆಗಲೇ ಫೋನಲ್ಲಿ ಸೇವ್ ಮಾಡಿ ಇಟ್ಕಂಡಿದ್ರು, ದೇವಸ್ಥಾನದ ಪೂಜಾರಪ್ಪನ ನಂಬರ್ ಪಕ್ಕದಾಗೆ.

ಬಂಡೆ ಎತ್ತೋ ಪೈಪು

ಕಾರು ಉಳಿಸ್ಕಳಕ್ಕೆ ನಾನೇ ಒಂದು ಐಡಿಯಾ ಕೊಟ್ಟೆ. ಆಯಿಲ್ ಕೂಲರ್ ಹಾಕಣ ಅಂತ. ಅಂದ್ರೆ ಸಣ್ಣ ರೇಡಿಯೇಟರ್ ಥರದ್ದು. ಎಂಜಿನ್‌ಗೂ ಆಯಿಲ್ ಫಿಲ್ಟರ್‌ಗೂ ಮಧ್ಯೆ ಒಂದು ಪ್ಲೇಟ್ ಕೂರಿಸಿ, ಅಲ್ಲಿಂದ ಎರಡು ಪೈಪು ಎಳೆದು, ಕಾರಿನ ಮುಂದುಗಡೆ ಜಾಲರಿ ಹಿಂದೆ ಈ ಕೂಲರ್ ಕೂರಿಸೋದು. ಬಿಸಿ ಆಯಿಲ್ ಒಂದು ಪೈಪಲ್ಲಿ ಬಂದು, ಎದುರುಗಾಳಿಗೆ ತಣ್ಣಗಾಗಿ, ಇನ್ನೊಂದು ಪೈಪಲ್ಲಿ ವಾಪಸ್ ಹೋಯ್ತದೆ. ಭಾಯ್ ಕೇಳಿ ಗಡ್ಡ ಕೆರ್ಕಂಡು, ಆಯ್ತು, ಮಾಡಣ ಅಂದ್ರು.

ಕೂಲರ್ ಬೆಂಗಳೂರಿಂದ ತರಿಸಿದ್ವಿ. ಪೈಪು ಮಾತ್ರ ಅಳತೆಗೆ ಮಾಡಿಸ್ಬೇಕು. ಅದಕ್ಕೆ ಕನಕಪುರದಾಗೆ ಕಲ್ಲು ಕ್ವಾರಿ ಮೆಷಿನ್‌ಗಳಿಗೆ ಪೈಪು ಮಾಡಿಕೊಡೋ ಅಂಗಡಿ ಐತೆ. ನಾನು ಕಾರೊಳಗೆ ಒಂದು ಹುರಿ ಎಳೆದು, ಅಳತೆ ತಕ್ಕಂಡು, ಸುತ್ತಿ ಜೇಬಿಗೆ ಹಾಕ್ಕಳಕ್ಕೆ ಅಂತ ಬೆಂಚಿನ ಮ್ಯಾಲೆ ಇಟ್ಟು ಕೈ ತೊಳೆಯಕ್ಕೆ ಹೋದೆ. ಬಂದು ಜೇಬಿಗೆ ಹಾಕ್ಕಂಡು, ದೊಡ್ಡಪ್ಪನ್ನ ಬೈಕಲ್ಲಿ ಕೂರಿಸ್ಕಂಡು ಕನಕಪುರಕ್ಕೆ ಹೋದೆ. ಅಂಗಡೀಲಿ ಹುರಿ ತೆಗೆದು ಬಿಡಿಸಿದ್ರೆ ಅರ್ಧಕ್ಕರ್ಧ ಇಲ್ಲ.

"ದೊಡ್ಡಪ್ಪ, ಹುರಿ ಏನಾಯ್ತು?"

"ಅಷ್ಟುದ್ದ ಯಾಕ್ಲಾ ಅಂತ ಒಸಿ ಕತ್ತರಿಸ್ಕಂಡೆ. ಒಳ್ಳೇ ಹುರಿ, ಯಾವುದಕ್ಕಾದ್ರೂ ಬತ್ತದೆ."

ಮಾರನೇ ದಿನ ಮತ್ತೆ ಅಳತೆ ತಕ್ಕಂಡು ಮತ್ತೆ ಹೋದ್ವಿ. ಈ ಸಲ ಹುರಿ ನನ್ನ ಕೊರಳಲ್ಲೇ ಸುತ್ಕಂಡಿದ್ದೆ. ಅಂಗಡಿಯವನು ಪೈಪಿನ ತುದಿಗೆ ನಟ್ ಒತ್ತುತ್ತಾ, ಇದು ಯಾವ ಮೆಷಿನ್‌ಗೆ ಅಂತ ಕೇಳ್ದ. ಹಳೇ ಕಾರಿಗೆ ಅಂದೆ. ಅವನು ಕೆಲಸ ನಿಲ್ಲಿಸಿ ನಮ್ಮಿಬ್ರನ್ನೂ ನೋಡ್ದ. ಈ ಪೈಪಲ್ಲಿ ಬಂಡೆ ಎತ್ತುತಾರೆ, ನಿಮ್ಮ ಕಾರು ಏನನ್ನ ಎತ್ಬೇಕು ಅಂದ.

ದೊಡ್ಡಪ್ಪ ಬಾಳ ಗಂಭೀರವಾಗಿ ಹೇಳಿದ್ರು: "ಬೀಗರನ್ನ."

ಸೊಳ್ಳೆ ಹೊಗೆ

ಪೈಪು ಬಂತು, ಕೂಲರ್ ಕೂತ್ಕಂತು. ಕೂಲರ್ ಮತ್ತೆ ಪೈಪಿನ ಹೊಟ್ಟೆ ತುಂಬಕ್ಕೆ ಜಾಸ್ತಿ ಆಯಿಲ್ ಬೇಕಾಯ್ತದೆ. ಅದು ನನಗೆ ಗೊತ್ತಿತ್ತು, ಅದಕ್ಕೆ ಊಟಕ್ಕೆ ಹೋಗೋ ಮುಂಚೆ ಆಯಿಲ್ ಹಾಕಿ ಹೋದೆ. ಭಾಯ್‌ಗೂ ಗೊತ್ತಿತ್ತು, ಹುಡುಗ ಮರ್ತಿರ್ತಾನೆ ಅಂತ ಅವರೂ ಹಾಕಿದ್ರು. ದೊಡ್ಡಪ್ಪ ಬಂದು ನೋಡಿದ್ರು, ಯಾರೂ ಇಲ್ಲ, ಡಬ್ಬೀಲಿ ಒಸಿ ಆಯಿಲ್ ಉಳ್ದೈತೆ. ಉಳಿದಿದ್ದನ್ನ ಚೆಲ್ಲೋದು ಯಾಕೆ ಅಂತ ಅದನ್ನೂ ಸುರಿದ್ರು. ಒಬ್ರು ಇನ್ನೊಬ್ರಿಗೆ ಹೇಳಲಿಲ್ಲ. ಎಲ್ರೂ ಜವಾಬ್ದಾರಿ ಇರೋರೇ ಅಲ್ವಾ.

ಸಾಯಂಕಾಲ ಟ್ರಯಲ್‌ಗೆ ಅಂತ ಕಾರು ತೆಗೆದು ಪೇಟೆ ಬೀದಿಗೆ ಬಿಟ್ಟೆ. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಕನ್ನಡೀಲಿ ನೋಡಿದ್ರೆ ಹಿಂದೆ ಬೀದೀನೇ ಇಲ್ಲ. ಬರೀ ಬಿಳೀ ಹೊಗೆ. ಹೆಚ್ಚಾದ ಆಯಿಲ್ಲೆಲ್ಲ ಎಂಜಿನ್ ಕುಡ್ಕಂಡು ಉರಿಸಿ ಸೈಲೆನ್ಸರಲ್ಲಿ ಬಿಡ್ತಾ ಐತೆ. ಗಾಡಿ ನಿಲ್ಲಿಸಣ ಅಂದ್ರೆ ಹಿಂದೆ ಬರೋರಿಗೆ ನಾನು ಕಾಣಲ್ಲ, ಗುದ್ದುಬುಡ್ತಾರೆ. ಹಂಗೇ ಮೆಲ್ಲಗೆ ಹೋಗ್ತಾ ಇದ್ದೆ. ಅಕ್ಕಪಕ್ಕದ ಮನೆ ಹೆಂಗಸರು ಓಡಿ ಬಂದು ಅಡುಗೆ ಪಾತ್ರೆ ಮುಚ್ಚಿ ಬಾಗಿಲು ಹಾಕ್ಕಂಡ್ರು. ಒಬ್ಬ ಅಜ್ಜಿ ತೊಟ್ಟಿಲಿನ ಮಗೂನ ಎತ್ಕಂಡು ಒಳಗೆ ಹೋಯ್ತು. ಮಕ್ಕಳು ಮಾತ್ರ ಕುಣ್ಕಂಡು ಹೊಗೆ ಒಳಗೆ ಓಡ್ತಾ ಬಂದ್ವು.

ಬೀದಿ ಕೊನೇಲಿ ಒಬ್ರು ದೊಡ್ಡೋರು ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದ್ರು. ಬೈಸ್ಕಳಕ್ಕೆ ರೆಡಿಯಾಗಿ ಗ್ಲಾಸ್ ಇಳಿಸ್ದೆ. ಅವರು ಕೈ ಮುಗಿದು, ಮುನ್ಸಿಪಾಲ್ಟಿಗೆ ಎಷ್ಟು ಸಲ ಅರ್ಜಿ ಕೊಟ್ರೂ ಯಾರೂ ಬಂದಿರ್ಲಿಲ್ಲ, ಒಳ್ಳೇ ಕೆಲಸ ಮಾಡ್ತಾ ಇದ್ದೀರಿ ಅಂದ್ರು. ಆಮೇಲೆ ಮೋರಿ ಕಡೆ ಕೈ ತೋರಿಸಿ, ಸೊಳ್ಳೆ ಜಾಸ್ತಿ ಇರೋದು ಹಿಂದಿನ ಬೀದೀಲಿ, ಅಲ್ಲಿಗೂ ಒಂದು ರೌಂಡ್ ಹೊಡೀರಿ ಅಂದ್ರು.

ಹೊಡೆದು ಬಂದೆ. ಗ್ಯಾರೇಜಿಗೆ ವಾಪಸ್ ಹೋಗಕ್ಕೂ ಅದೇ ದಾರಿ.

ಕಾರು ರಕ್ತ ಕಾರಿದ್ದು

ಹೆಚ್ಚಿನ ಆಯಿಲ್ ಇಳಿಸಿ ಸರಿ ಮಾಡಿ ಕಾರನ್ನ ಬೈರಾಪಟ್ಟಣಕ್ಕೆ ಕಳಿಸಿದ್ವಿ. ಮಾರನೇ ದಿನ ಬೆಳಿಗ್ಗೆನೇ ದೊಡ್ಡಮ್ಮನ ಫೋನು. ಕಾರು ರಕ್ತ ಕಾರ್ತಾ ಐತೆ, ಬೀಗರ ಕಣ್ಣು ಬಿದ್ದೈತೆ, ಈಗಲೇ ಬಾ ಅಂತ. ನಾನೂ ಭಾಯ್‌ನೂ ಬೈಕ್ ಹತ್ಕಂಡು ಹೋದ್ವಿ. ನೋಡಿದ್ರೆ ಹೌದು, ಕಾರಿನ ಮೂತಿ ಕೆಳಗೆ ನೆಲದ ಮ್ಯಾಲೆ ಕೆಂಪಗೆ ಹನಿ ಹನಿ. ದೊಡ್ಡಮ್ಮ ಆಗಲೇ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ರು. ಆ ಘಾಟಿಗೆ ಎಲ್ರೂ ಸೀನ್ತಾ ಇದ್ರು.

ಭಾಯ್ ಕಾರಿನ ಕೆಳಗೆ ತೂರ್ಕಂಡು ಟಾರ್ಚ್ ಹಾಕಿ ನೋಡಿದ್ರು. ಈಚೆ ಬಂದು ಆ ಕೆಂಪನ್ನ ಬೆರಳಿಗೆ ಹಚ್ಕಂಡು ಮೂಸಿ ನೋಡಿದ್ರು.

"ಅರೇ, ಈ ಗಾಡೀಲಿ ಕೆಂಪು ಆಯಿಲ್ಲೇ ಇಲ್ವಲ್ಲಪ್ಪಾ."

ಆವಾಗ ನನ್ನ ತಲೇಲಿ ಹೊಳೀತು. ಕೂಲರ್ ಅಲುಗಾಡಬಾರ್ದು ಅಂತ ಅದರ ಬೋಲ್ಟುಗಳಿಗೆ ಬುಷ್, ಅಂದ್ರೆ ಸಣ್ಣ ಬಳೆ ಥರದ್ದು, ಬೇಕಿತ್ತು. ಅಳತೆಗೆ ಸರಿಯಾದ ರಬ್ಬರ್ ಬುಷ್ ಸಿಕ್ಕಿರ್ಲಿಲ್ಲ. ನಮ್ಮ ಗ್ಯಾರೇಜ್ ಪಕ್ಕದಾಗೆ ಮರದ ಗೊಂಬೆ ಕಡೆಯೋ ಅಣ್ಣ ಒಬ್ಬ ಅವನೆ. ಅವನು, ಅದೇನು ಮಹಾ, ಮರದಲ್ಲಿ ಮಾಡಿಕೊಡ್ತೀನಿ ಅಂತ ಕಡೆದು ಕೊಟ್ಟಿದ್ದ. ಚೆನ್ನಾಗಿ ಕೆಂಪಗೆ, ಹೊಳೀತಾ ಇದ್ವು. ನಾನು ಚಂದ ಐತೆ ಅಂತ ಹಂಗೇ ಹಾಕಿದ್ದೆ. ಗೊಂಬೆಗೆ ಬಳಿಯೋ ಬಣ್ಣ ಅರಗಿಂದು. ಕೂಲರ್ ಬಿಸಿಗೆ ಅರಗು ಕರಗಿ ತೊಟ್ಟಿಕ್ತಾ ಐತೆ.

ಬುಷ್ ಬಿಚ್ಕಂಡು ಹೋಗಿ ಅವನ ಮುಂದೆ ಇಟ್ವಿ. ಇದಕ್ಕೆ ಬಣ್ಣ ಯಾಕೆ ಹಾಕ್ದೆ ಅಂತ ಭಾಯ್ ಕೇಳಿದ್ರು. ಬಣ್ಣ ಹಾಕ್ದೆ ನಮ್ಮ ಅಂಗಡಿಯಿಂದ ಒಂದು ಬುಗುರೀನೂ ಆಚೆ ಹೋಗಲ್ಲ, ಅದು ನಮ್ಮ ಮರ್ಯಾದೆ ಅಂದ. ಆಮೇಲೆ ಕರಗಿದ ಬುಷ್‌ನ ತಿರುಗಿಸಿ ತಿರುಗಿಸಿ ನೋಡಿ ನಮಗೇ ಸಮಾಧಾನ ಹೇಳ್ದ.

"ಹೆದರ್ಕಬ್ಯಾಡಿ ಭಾಯ್. ಮಗು ಬಾಯಿಗೆ ಹಾಕ್ಕಂಡ್ರೂ ಏನೂ ಆಗಲ್ಲ."

ಗೋಣಿಚೀಲ

ಬಣ್ಣ ಇಲ್ಲದ ಬುಷ್ ಹಾಕಿದ ಮ್ಯಾಲೆ ಕಾರು ಬಂಗಾರದಂಗೆ ಓಡ್ತು. ಭಾನುವಾರ ನಾನೇ ಡ್ರೈವರ್, ಪಕ್ಕ ದೊಡ್ಡಪ್ಪ, ಹಿಂದೆ ದೊಡ್ಡಮ್ಮ. ಬೈರಾಪಟ್ಟಣದಿಂದ ರಾಮನಗರ ದಾಟಿ ಮಾಗಡಿವರೆಗೂ ಬಿಸಿ ತೋರಿಸೋ ಮೀಟರಿನ ಮುಳ್ಳು ಮ್ಯಾಲೆ ಏಳಲಿಲ್ಲ. ದೊಡ್ಡಪ್ಪ ರಸ್ತೆ ನೋಡ್ಲೇ ಇಲ್ಲ, ಆ ಮೀಟರೇ ನೋಡ್ಕಂಡು ಬಂದ್ರು. ಬೀಗರ ಮನೇಲಿ ತಿಂಡಿ ಆಯ್ತು. ಬೀಗರೂ ಬೀಗಿತ್ತೀನೂ ಹಿಂದೆ ಹತ್ಕಂಡ್ರು. ಹತ್ತುವಾಗ ಬೀಗರು ಚಪ್ಪಲಿ ಬಿಚ್ಚಿ ಕೈಗೆ ತಕ್ಕಂಡು, ಈಗಲೇ ಹಿಡ್ಕಂತೀಯಾ ಅಂತ ಹೆಂಡ್ತೀನ ಕೇಳಿದ್ರು. ದೊಡ್ಡಪ್ಪ ಕೇಳಿಸ್ದೇ ಇರೋರಂಗೆ ಕುಂತ್ರು.

ಮಾಗಡಿ ಬಿಟ್ಟು ಸಾವನದುರ್ಗದ ದಾರಿ ಹಿಡಿದ್ವಿ. ಬೆಟ್ಟ ಕಾಣ್ತಾ ಐತೆ ಅನ್ನೋ ಹೊತ್ತಿಗೆ ಮುಳ್ಳು ಏಳಕ್ಕೆ ಶುರುವಾಯ್ತು. ದೊಡ್ಡಪ್ಪನೂ ನೋಡಿದ್ರು, ಮುಖ ಬಿಳಚ್ಕಂತು. ಹಿಂದಿಂದ ಬೀಗರು, ಏನೋ ಬೇಯ್ತಾ ಇರೋ ವಾಸನೆ ಬತ್ತಾ ಐತಲ್ಲ ಅಂದ್ರು. ಕಾರು ತಾನೇ ನಿಲ್ಲೋದಕ್ಕಿಂತ ನಾನೇ ನಿಲ್ಲಿಸೋದು ಮೇಲು ಅಂತ, ಇಲ್ಲಿಂದ ಬೆಟ್ಟ ಬಾಳ ಚೆನ್ನಾಗಿ ಕಾಣ್ತದೆ ಅಂತ ಹೇಳಿ ಮರದ ನೆರಳಲ್ಲಿ ಸೈಡಿಗೆ ಹಾಕ್ದೆ. ಇಳಿದು ಬಾನೆಟ್ ಎತ್ತಿದೆ.

ಜಾಲರಿಗೂ ಕೂಲರ್‌ಗೂ ಮಧ್ಯೆ ಒಂದು ಗೋಣಿಚೀಲ. ಒಣಗಿ ಹಪ್ಪಳದಂಗೆ ಆಗೈತೆ. ಅದನ್ನ ಕಟ್ಟಿರೋ ಹುರಿ ನೋಡಿದ ತಕ್ಷಣ ಗುರುತು ಸಿಕ್ತು. ಅವತ್ತು ಕತ್ತರಿಸ್ಕಂಡಿದ್ದ ಹುರಿ.

ದೊಡ್ಡಪ್ಪ ಪಕ್ಕಕ್ಕೆ ಬಂದು ಪಿಸುಗುಟ್ಟಿದ್ರು. "ಹುಳದ ಮನೆ ಕಿಟಕಿಗೆ ಬೇಸಿಗೇಲಿ ಒದ್ದೆ ಗೋಣಿ ಕಟ್ಟಲ್ವೇನ್ಲಾ? ಒಳಗೆ ತಣ್ಣಗಿರ್ತದೆ. ನಿನ್ನ ಕೂಲರ್ ಒಂದನ್ನೇ ನಂಬ್ಕಂಡು ಬೀಗರನ್ನ ಹೆಂಗೆ ಹತ್ತಿಸ್ಲಿ? ನೀವೆಲ್ಲ ತಿಂಡಿ ತಿನ್ನುವಾಗ ನೆನೆಸಿ ಕಟ್ದೆ."

ದೊಡ್ಡಪ್ಪ, ಗಾಳೀನೇ ಹೋಗದಂಗೆ ಮಾಡಿದ್ದೀರಲ್ಲ ಅಂತ ಅನ್ನೋ ಅಷ್ಟರಲ್ಲಿ ಬೀಗರು ಇಳಿದು ಬಂದ್ರು. ಮುಗೀತು ಅಂದ್ಕಂಡೆ. ದೊಡ್ಡಮ್ಮ ಆಗಲೇ ಬ್ಯಾಗಿಂದ ಫೋನ್ ತೆಗೀತಾ ಇದ್ರು. ಬೀಗರು ಚೀಲ ಮುಟ್ಟಿ ನೋಡಿದ್ರು, ಹುರಿ ಎಳೆದು ನೋಡಿದ್ರು. ಅವರೂ ಮೊದಲಿಂದ ಹುಳ ಸಾಕಿದ ಮನೆಯೋರು. ನಗಲಿಲ್ಲ.

"ಬೀಗ್ರೇ, ಐಡಿಯಾ ಸರಿಯಾಗೈತೆ. ಒಣಗಕ್ಕೆ ಬುಟ್ಟಿದ್ದೀರಿ, ಅದೇ ತಪ್ಪು."

ಹಂಗಂದು ತಮ್ಮ ಕುಡಿಯೋ ನೀರಿನ ಬಾಟ್ಲಿ ನನ್ನ ಕೈಗೆ ಕೊಟ್ಟು, ಚೆನ್ನಾಗಿ ನೆನೆಸಿ ಕಟ್ಟಪ್ಪ ಅಂದ್ರು. ನಾನು ಗಾಳಿ, ಕೂಲರ್ ಅಂತ ಏನೋ ಹೇಳಕ್ಕೆ ಹೋದೆ. ಇಬ್ರೂ ಆಗಲೇ ಕಾರಲ್ಲಿ ಕುಂತು, ಯಾವ ಚೀಲ ನೀರು ಜಾಸ್ತಿ ಹಿಡೀತದೆ ಅಂತ ಮಾತಾಡ್ತಾ ಇದ್ರು. ಬಾನೆಟ್ ಎದ್ದಿತ್ತು, ಅವರಿಗೆ ನಾನು ಕಾಣ್ತಿರ್ಲಿಲ್ಲ. ಎಂಜಿನ್ ಆರೋವರೆಗೂ ನೆನೆಸೋ ಥರ ಸದ್ದು ಮಾಡಿ, ಚೀಲ ಬಿಚ್ಚಿ ಸುತ್ತಿ, ಅಂಗಿ ಒಳಗೆ ಮುಚ್ಕಂಡು ತಂದು ಡಿಕ್ಕಿಗೆ ಹಾಕ್ದೆ.

ಸಾವನದುರ್ಗಕ್ಕೆ ಹೋಗಿ, ಪೂಜೆ ಮಾಡಿಸಿ, ಮಾಗಡಿಗೆ ವಾಪಸ್ ಬರೋವರೆಗೂ ಮುಳ್ಳು ಅಲ್ಲಾಡಲಿಲ್ಲ. ಇಳಿಯುವಾಗ ಬೀಗರು ಬಾನೆಟ್ ಮ್ಯಾಲೆ ಒಂದು ತಟ್ಟು ತಟ್ಟಿ, ಚೀಲ ಅಂದ್ರೆ ಚೀಲ ಅಂದ್ರು. ಕೂಲರ್ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ.

ಹೊಸ ಕಾರು

ಮುಂದಿನ ವಾರ ಬೀಗರು ಹೊಸ ಕಾರಲ್ಲಿ ಬೈರಾಪಟ್ಟಣಕ್ಕೆ ಊಟಕ್ಕೆ ಬರೋದಿತ್ತು, ನನ್ನೂ ಕರೆದಿದ್ರು. ಊಟದ ಹೊತ್ತು ಆಯ್ತು, ಬರಲಿಲ್ಲ. ಬಾಡೆಲ್ಲ ಆರ್ತಾ ಐತೆ ಅಂತ ದೊಡ್ಡಮ್ಮ ಗೊಣಗ್ತಾ ಇದ್ರು. ಕೊನೆಗೆ ಫೋನ್ ಬಂತು. ರಾಮನಗರದ ಹತ್ರ ನಿಂತ್ಕಂಡೈತೆ, ಸ್ಟಾರ್ಟ್ ಆಯ್ತಾ ಇಲ್ಲ, ಹುಡುಗನ್ನ ಒಸಿ ಕಳಿಸಿ ಅಂದ್ರಂತೆ. ದೊಡ್ಡಪ್ಪ ನನ್ನ ಒಬ್ಬನ್ನೇ ಕಳಿಸ್ತಾರಾ? ಒಗೆದ ಪಂಚೆ ಉಟ್ಕಂಡು, ಹಗ್ಗ ತಕ್ಕಂಡು, ಹಳೇ ಕಾರಲ್ಲಿ ಮುಂದೆ ಕುಂತ್ರು. ದೊಡ್ಡಮ್ಮನೂ ಹತ್ಕಂಡ್ರು.

ಹೋಗಿ ಹೊಸ ಕಾರಿನ ಬಾನೆಟ್ ಎತ್ತಿದ್ರೆ, ಒಳಗೆ ಎರಡು ಗೋಣಿಚೀಲ. ನಾನು ಬೀಗರ ಮುಖ ನೋಡ್ದೆ. ಹೊಸ ಕಾರಲ್ವಾ, ಒಂದು ಸಾಕಾಗಲ್ಲ ಅಂತ ಎರಡು ಕಟ್ದೆ, ದಾರೀಲಿ ಒಂದು ಸಲ ನೆನೆಸಿದ್ದೂ ಆಯ್ತು ಅಂದ್ರು. ಭಾಯ್‌ಗೆ ಫೋನ್ ಮಾಡಿದ್ರೆ, ನೀರು ಒಳಗೆ ಹೋಗಿರ್ತದೆ, ಸ್ಟಾರ್ಟ್ ಮಾಡಬ್ಯಾಡ, ಕಟ್ಟಿ ಎಳ್ಕಂಡು ಬಾ ಅಂದ್ರು.

ಹಳೇ ಕಾರಿಗೆ ಹೊಸ ಕಾರು ಕಟ್ದೆ. ಹೊಸ ಕಾರಿನ ಸ್ಟೇರಿಂಗ್ ಬೀಗರೇ ಹಿಡ್ಕಂಡ್ರು. ಚನ್ನಪಟ್ಟಣದ ಕಡೆಗೆ ಮೆಲ್ಲಗೆ ಹೊರಟ್ವಿ. ನಾನು ಮೀಟರ್ ನೋಡ್ದೆ, ಮುಳ್ಳು ಮಲಗಿದ್ದ ಜಾಗದಿಂದ ಎದ್ದಿರಲಿಲ್ಲ. ಹಿಂದೆ ದೊಡ್ಡಮ್ಮ, ಗುಜರಿಯವನ ನಂಬರ್ ಐತೆ, ಬೀಗಿತ್ತಿಗೆ ಕಳಿಸ್ಲಾ ಅಂತ ಕೇಳಿದ್ರು. ದೊಡ್ಡಪ್ಪ ಜೇಬಿಂದ ಫೋನ್ ತೆಗೆದು, ಕನ್ನಡಕ ಹಾಕ್ಕಂಡು ನಂಬರ್ ಒತ್ತಿದ್ರು. ಹಗ್ಗದ ಆ ತುದೀಲಿ, ಹೊಸ ಕಾರಲ್ಲಿ, ಬೀಗರು ಫೋನ್ ಎತ್ಕಂಡು ಕಿವಿಗೆ ಇಟ್ಕಂಡಿದ್ದು ನನಗೆ ಕನ್ನಡೀಲಿ ಕಾಣ್ತು.

ದೊಡ್ಡಪ್ಪ ಗಂಟಲು ಸರಿಮಾಡ್ಕಂಡು ಕೇಳಿದ್ರು:

"ಕಾರು ಹೆಂಗೈತೆ ಬೀಗ್ರೇ?"